ಹದಿನೇಳನೇ ಸಮೀಕರಣ

ಫೆಬ್ರವರಿ ೯

ಸೊನ್ನೆ,

ನಿವೃತ್ತನಾದ ಪ್ರೊಫೆಸರನ್ನು ಹೀಗೆ ಕರೆಯಬಾರದು ಅಂತ ನನ್ನ ಮಗಳು ಹೇಳುತ್ತಾಳೆ. ಮೂರು ವರ್ಷದವನಿದ್ದಾಗ ಗೋಡೆ ತುಂಬ ಸೊನ್ನೆ ಬರೆದವನು ನೀನು, ಅದನ್ನು ತಿಕ್ಕಿ ತೊಳೆದವಳು ನಾನು. ನನಗೆ ಹಕ್ಕಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡೇ ನಿಮಿಷಕ್ಕೆ "ಅಕ್ಕ, ಮೀಟಿಂಗ್ ಇದೆ" ಅನ್ನುತ್ತೀಯ. ಕಾಗದಕ್ಕೆ ಮೀಟಿಂಗ್ ಇರುವುದಿಲ್ಲ.

ನಿನ್ನ ಲೇಖನಗಳನ್ನೆಲ್ಲ ಸೇರಿಸಿ ಎರಡು ಸಂಪುಟ ತರುತ್ತಿದ್ದಾರಂತೆ. ಮಗಳು ಕಂಪ್ಯೂಟರಿನಲ್ಲಿ ಓದಿ ಹೇಳಿದಳು. ಮೊದಲನೆಯದೇ ಆ ಇಪ್ಪತ್ತಾರು ಪುಟದ್ದು, ನಿನಗೆ ಕೆಲಸ ಕೊಡಿಸಿದ್ದು. ಕಣಗಳನ್ನು ಎಷ್ಟು ಒಟ್ಟುಗೂಡಿಸಿದರೂ ಅವು ಒಂದರೊಳಗೊಂದು ಕುಸಿದು ಹೋಗುವುದಿಲ್ಲ, ಅದಕ್ಕೇ ಕುರ್ಚಿ ಕುರ್ಚಿಯಾಗಿ ನಿಂತಿದೆ ಅಂತ ಆಗ ನನಗೆ ಬಿಡಿಸಿ ಹೇಳಿದ್ದೆ. ಅದಕ್ಕೆ ಇಪ್ಪತ್ತಾರು ಪುಟ ಯಾಕೆ, ಕೂತು ನೋಡಿದರೆ ಆಗುತ್ತಿರಲಿಲ್ಲವೇ ಅಂದಿದ್ದೆ. ನೀನು ಎರಡು ದಿನ ಮಾತು ಬಿಟ್ಟಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಮಗಳು ಓದಿದ್ದನ್ನು ನಿನ್ನ ಭಾವನೂ ಕೇಳಿಸಿಕೊಂಡರು. "ತಿದ್ದೋಕೆ ಕರಡಚ್ಚು ಬಂದಾಗ ಆ ಒಂದು ಲೇಖನದ್ದು ನಂಗೊಂದ್ಸಲ ಕಳಿಸ್ತಾನಾ ಕೇಳು" ಅಂದರು. ಮೂವತ್ತೆಂಟು ವರ್ಷದಲ್ಲಿ ಅವರಾಗಿಯೇ ಆ ಲೇಖನದ ಮಾತೆತ್ತಿದ್ದು ಇದೇ ಮೊದಲು. ನನ್ನ ಕೈಯಲ್ಲಿದ್ದ ತಟ್ಟೆ ಜಾರಿತು.

ಇವರು ಕೆಲಸಕ್ಕಿದ್ದ, ಆ ಪತ್ರಿಕೆ ಅಚ್ಚಾಗುತ್ತಿದ್ದ ಅಚ್ಚುಕೂಟದಲ್ಲಿ ಗಣಿತದ ಸೀಸದ ಅಚ್ಚುಮೊಳೆ ಜೋಡಿಸಲು ಬರುತ್ತಿದ್ದದ್ದು ಇವರೊಬ್ಬರಿಗೆ. "ನಮ್ಮ ಹುಡುಗನ ಲೇಖನ, ನಾನೇ ಮಾಡ್ತೀನಿ" ಅಂತ ಮ್ಯಾನೇಜರ ಹತ್ತಿರ ಹಟ ಹಿಡಿದು ತೆಗೆದುಕೊಂಡು, ಕಳೆಯುವ ಚಿಹ್ನೆ ಇರಬೇಕಾದಲ್ಲಿ ಕೂಡುವ ಚಿಹ್ನೆ ಇಟ್ಟರು. ನಿನ್ನ ಕೆಲಸದ ಸಂದರ್ಶನ ಹತ್ತಿರ ಬಂದಾಗ. ನೀನು ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಿ ಹೇಗೋ ಮಾನ ಉಳಿಸಿಕೊಂಡೆ. ನಾನು ಇವತ್ತಿಗೂ ನಿನಗೆ ನೆಟ್ಟಗೆ ಮುಖ ಕೊಟ್ಟು ಮಾತಾಡಲಾರೆ. ಅವರಿಗೂ ಒಳಗೊಳಗೇ ಕೊರೆಯುತ್ತಿರಬೇಕು, ಸಾಯುವ ಮೊದಲು ಒಂದು ಸಲ ಸರಿಯಾಗಿ ನೋಡಿಕೊಡೋಣ ಅಂತ ಇರಬೇಕು. ಪ್ರಾಯಶ್ಚಿತ್ತ ಅಂದುಕೊಂಡು ಕಳಿಸು.

ನಿನ್ನ ಗೋಡೆ ತೊಳೆದ,
ಅಕ್ಕ


ಫೆಬ್ರವರಿ ೨೬

ಅಕ್ಕ,

ಕಾಗದ ಸಿಕ್ಕಿತು. ಇಲ್ಲಿ ಎಲ್ಲ ಮಾಮೂಲು. ನಿವೃತ್ತರಿಗೆಂದು ಸಂಸ್ಥೆಯ ಮೂರನೇ ಮಹಡಿಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ಕಪ್ಪು ಹಲಗೆ ಇದೆ, ಕಿಟಕಿಯಾಚೆ ಸೈಕಲ್ ನಿಲ್ದಾಣ ಇದೆ. ಬೆಳಿಗ್ಗೆ ಹತ್ತಕ್ಕೆ ಬಂದು ಹಲಗೆ ಒರೆಸುತ್ತೇನೆ, ನಾಲ್ಕಕ್ಕೆ ಮತ್ತೆ ಒರೆಸುತ್ತೇನೆ. ನಡುವೆ ಏನು ಬರೆದೆ ಎಂದು ಕೇಳಬೇಡ.

ಪುಸ್ತಕದ ಕೆಲಸ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳದು. ಅವಳೇ ಸಂಪಾದಕಿ. ಕರಡಚ್ಚು ಎಂಬುದು ಈಗ ಹಿಂದಿನ ಹಾಗಿಲ್ಲ, ಹಳೆಯ ಪುಟಗಳನ್ನು ಇದ್ದ ಹಾಗೇ ಚಿತ್ರ ತೆಗೆದು ಹಾಕುತ್ತಾರೆ. ನೋಡುವುದಕ್ಕೆ ಏನೂ ಇರುವುದಿಲ್ಲ. ಭಾವನಿಗೆ ಈ ವಯಸ್ಸಿನಲ್ಲಿ, ಆ ಕಣ್ಣಿನಲ್ಲಿ ಯಾಕೆ ತೊಂದರೆ? ಅವರಿಗೆ ನನ್ನ ನಮಸ್ಕಾರ ತಿಳಿಸು.

ಹಳೆಯದನ್ನು ನೀನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ನಿಮ್ಮ ಎರಡು ಕೋಣೆಯ ಮನೆಯಲ್ಲಿ ಐದು ವರ್ಷ ಉಂಡು ಓದಿದವನು ನಾನು. ಭಾವ ಅಚ್ಚುಕೂಟದಿಂದ ರದ್ದಿ ಹಾಳೆ ತಂದು ಒಂದು ಮಗ್ಗುಲು ಖಾಲಿ ಇರುವುದನ್ನೆಲ್ಲ ಆರಿಸಿ ನನ್ನ ಮೇಜಿನ ಮೇಲೆ ಇಡುತ್ತಿದ್ದರು. ನಾನು ಗಣಿತ ಕಲಿತದ್ದು ಆ ಹಾಳೆಗಳ ಬೆನ್ನ ಮೇಲೆ.

ಒಂದು ಮೀಟಿಂಗ್ ಇದೆ, ನಿಜವಾಗಿಯೂ ಇದೆ.

ನಿನ್ನ ತಮ್ಮ


ಮಾರ್ಚ್ ೧೫

ಸೊನ್ನೆ,

ನಿನ್ನ ಉತ್ತರ ಅವರಿಗೆ ಓದಿ ಹೇಳಿದೆ. "ಸರಿ" ಅಂದರು. ಎದ್ದು ಹೋಗಿ ಆ ಹಳೆಯ ಸ್ಟಿಕ್ಕನ್ನು ತೆಗೆದು ಬಟ್ಟೆಯಲ್ಲಿ ಒರೆಸುತ್ತ ಕೂತರು. ಮೊಳೆ ಜೋಡಿಸಲು ಎಡಗೈಯಲ್ಲಿ ಹಿಡಿಯುತ್ತಿದ್ದರಲ್ಲ, ಆ ಲೋಹದ ಪಟ್ಟಿ. ಅಚ್ಚುಕೂಟ ಮುಚ್ಚಿದ ದಿನ ಅದೊಂದನ್ನೇ ಕೇಳಿ ತಂದಿದ್ದರು.

ಒಂದು ಲೇಖನ ಕಳಿಸುವುದಕ್ಕೆ ನಿನಗೆ ಏನು ಕಷ್ಟವೋ ತಿಳಿಯದು. ದೊಡ್ಡವನಾದೆ, ನಾವು ಚಿಕ್ಕವರಾದೆವು, ಇರಲಿ. ಆದರೆ ತಪ್ಪು ಮಾಡಿದವನಿಗೆ ಅದನ್ನು ತೊಳೆದುಕೊಳ್ಳುವ ಅವಕಾಶ ಕೊಡಬೇಕು ಸೊನ್ನೆ. ಅವರು ಕೊಟ್ಟ ಬೆಲೆ ಕಡಿಮೆಯದಲ್ಲ. ಆ ತಿದ್ದುಪಡಿ ಬಂದ ವಾರವೇ ಅವರನ್ನು ಗಣಿತದ ಮೇಜಿನಿಂದ ಎಬ್ಬಿಸಿ, ಬಳಸಿದ ಮೊಳೆಗಳನ್ನು ವಿಂಗಡಿಸಿ ಮತ್ತೆ ಗೂಡಿಗೆ ತುಂಬುವ ಕೆಲಸಕ್ಕೆ ಹಾಕಿದರು. ಹೊಸಬರು ಮಾಡುವ ಕೆಲಸ. ಹನ್ನೊಂದು ವರ್ಷ ಅದನ್ನೇ ಮಾಡಿದರು.

ನಾನೂ ಏನು ಕಡಿಮೆ ಮಾಡಲಿಲ್ಲ. ಆಗ ಒಂದೇ ಒಂದು ಸಲ ಅವರು "ಪ್ರತಿಯಲ್ಲಿ ಇದ್ದದ್ದನ್ನೇ ಇಟ್ಟೆ" ಅಂದಿದ್ದರು. ನಾನು "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದೆ. ಮಗಳಿಗೆ ಒಂಬತ್ತು ವರ್ಷ, ಲೆಕ್ಕ ಹೇಳಿಸಿಕೊಳ್ಳಲು ಅವರ ಹತ್ತಿರ ಹೋದರೆ "ಅಪ್ಪನ ಹತ್ತಿರ ಬೇಡ, ಕೂಡೋದು ಕಳೆಯೋದು ಅವರಿಗೆ ಒಂದೇ" ಅಂತ ಎಲ್ಲರೆದುರು ಕರೆದುಕೊಂಡೆ. ನಿನ್ನ ಪರವಾಗಿ ಮಾಡಿದೆ. ತಮ್ಮ ಅಂದರೆ ಅಷ್ಟು ಹೆಮ್ಮೆ ನನಗೆ.

ಅವರ ಬಲಗಣ್ಣಿನ ಹಿಂದಿನ ಪರದೆ ಹರಿದಿದೆಯಂತೆ. ಮುಂದಿನ ತಿಂಗಳು ಇಪ್ಪತ್ತಕ್ಕೆ ಆಪರೇಷನ್. ಎಡಗಣ್ಣು ಮೊದಲೇ ಮಂಜು. ಆಮೇಲೆ ಎಷ್ಟು ಕಾಣುತ್ತದೋ ಹೇಳಲಾಗದು ಅಂದಿದ್ದಾರೆ. ಕಳಿಸುವುದಿದ್ದರೆ ಅದಕ್ಕೆ ಮೊದಲೇ ಕಳಿಸು.

ಅಕ್ಕ


ಏಪ್ರಿಲ್ ೨

ಪೂಜ್ಯ ಭಾವನವರಿಗೆ,

ಇದು ನಿಮಗೆ ಮಾತ್ರ. ಆಪರೇಷನ್ನಿಗೆ ಇನ್ನೂ ಹದಿನೆಂಟು ದಿನ ಇರುವುದರಿಂದ ನೀವೇ ಓದಿಕೊಳ್ಳಬಹುದು ಎಂದು ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ.

ನೀವು ಕರಡಚ್ಚು ಕೇಳಿದಿರಿ ಎಂದು ಅಕ್ಕ ಬರೆದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು. ನಿಮಗೆ ಗೊತ್ತಿರುವುದನ್ನು ನಿಮಗೇ ಹೇಳುತ್ತಿದ್ದೇನೆ. ಆದರೂ ಹೇಳಬೇಕು, ಇದುವರೆಗೆ ಎಲ್ಲಿಯೂ ಹೇಳಿಲ್ಲ. ಅದು ಅಚ್ಚಿನ ತಪ್ಪಲ್ಲ. ನನ್ನ ತಪ್ಪು.

ಹದಿನಾರನೇ ಸಮೀಕರಣದಲ್ಲಿ ಕಳೆಯುವ ಚಿಹ್ನೆ ಇತ್ತು. ಹದಿನೇಳರಲ್ಲಿ ನಾನು ಕೂಡುವ ಚಿಹ್ನೆ ಬರೆದಿದ್ದೆ. ಬದಲಿಸಬೇಕಾದ ಕಡೆ ಆಗಲೇ ಬದಲಿಸಿದ್ದನ್ನು ಮರೆತು ಇನ್ನೊಮ್ಮೆ ಬದಲಿಸಿದ್ದೆ. ಮೊದಲ ವರ್ಷದ ಮಕ್ಕಳು ಮಾಡುವ ತಪ್ಪು. ನೀವು ಹಸ್ತಪ್ರತಿಯಲ್ಲಿ ಇದ್ದಂತೆಯೇ ಜೋಡಿಸಿದಿರಿ, ಅದು ನಿಮ್ಮ ಕಸುಬಿನ ನಿಯಮ. ಜೋಡಿಸಿ, ಕರಡಚ್ಚಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಪ್ರಶ್ನೆಯ ಗುರುತು ಹಾಕಿ ಕಳಿಸಿದಿರಿ. ಗಣಿತ ಓದದ ನಿಮ್ಮ ಕಣ್ಣಿಗೆ ಕಂಡದ್ದು ನನಗೆ ಕಾಣಲಿಲ್ಲ. ನಾನು ಅದನ್ನು ಹೊಡೆದುಹಾಕಿ, ಹಾಗೇ ಇರಲಿ ಎಂದು ಬರೆದೆ.

ಲೇಖನ ಬಂದು ಎರಡು ತಿಂಗಳಿಗೆ, ನಾನು ಗುರುವಿನಂತೆ ಕಾಣುತ್ತಿದ್ದ ಒಬ್ಬ ಹಿರಿಯರಿಂದ ಒಂದೇ ಸಾಲಿನ ಕಾಗದ ಬಂತು. "ಹದಿನೇಳು, ಚಿಹ್ನೆ?" ನಾಲ್ಕು ದಿನ ಬಾಗಿಲು ಹಾಕಿಕೊಂಡು ಲೆಕ್ಕ ಮಾಡಿದೆ. ಸರಿಯಾದ ಚಿಹ್ನೆ ಇಟ್ಟರೂ ಪ್ರಮೇಯ ನಿಲ್ಲುತ್ತಿತ್ತು. ಕಣಗಳ ಶಕ್ತಿ ಇಳಿಯುವುದಕ್ಕೆ ಒಂದು ತಳ ಇದ್ದೇ ಇತ್ತು, ನಾನು ಹೇಳಿದ್ದಕ್ಕಿಂತ ಸ್ವಲ್ಪ ಕೆಳಗೆ, ಅಷ್ಟೇ. ನಾನು ತಪ್ಪು ಮಾಡಿದ್ದೆ, ತಿದ್ದಿದ್ದೇನೆ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಸಂದರ್ಶನದ ಮೇಜಿನ ಆ ಕಡೆ ಕೂರುವವರು ಅದೇ ಹಿರಿಯರು. ಚಿಹ್ನೆ ತಪ್ಪುವವನು ಎಂಬ ಹೆಸರು ಹೊತ್ತು ಅವರೆದುರು ಕೂರಲು ನನಗೆ ಆಗಲಿಲ್ಲ. ಒಂದು ಚಿಹ್ನೆ, ಅದರಿಂದಾಗಿ ಕೊನೆಯಲ್ಲಿ ತಪ್ಪಿದ ಒಂದು ಅಂಕಿ, ಎರಡೂ ಅಚ್ಚಿನ ತಪ್ಪು ಎಂದು ಪತ್ರಿಕೆಗೆ ಬರೆದೆ. ಹಸ್ತಪ್ರತಿ ನನ್ನ ಬಳಿಯೇ ವಾಪಸು ಬಂದಿತ್ತು. ಅಚ್ಚುಕೂಟದಲ್ಲಿ ಸಾಕ್ಷಿಯಾಗಿ ಉಳಿದದ್ದು ಆ ಕರಡಚ್ಚಿನ ಹಾಳೆ. ಮ್ಯಾನೇಜರು ಕೇಳಿದಾಗ ನೀವು "ಸಿಗ್ತಾ ಇಲ್ಲ" ಎಂದಿರಂತೆ. ಅವರೇ ನನಗೆ ಬರೆದಿದ್ದರು. ಓದಿ ನನಗೆ ಸಮಾಧಾನವಾಯಿತು.

ಇನ್ನೊಂದಿದೆ. ಕೆಲಸ ಸಿಕ್ಕ ಮೇಲೆ ಅಕ್ಕ ನಿಮ್ಮನ್ನು ಕರೆದುಕೊಂಡು ನನ್ನ ಹೊಸ ಮನೆಗೆ ಬಂದಳು, ನಿಮ್ಮ ಪರವಾಗಿ ಕ್ಷಮೆ ಕೇಳಲು. ನೀವು ಬಾಗಿಲ ಹತ್ತಿರ ಚಪ್ಪಲಿ ಬಿಡುವ ಜಾಗದಲ್ಲೇ ಕೊಡೆ ಹಿಡಿದು ನಿಂತಿದ್ದಿರಿ. ನಾನು "ಇರ್ಲಿ ಬಿಡು ಅಕ್ಕ, ತಪ್ಪು ಎಲ್ಲರಿಂದಲೂ ಆಗುತ್ತೆ" ಎಂದೆ. ನಿಮ್ಮ ಎದುರಿಗೇ ಎಂದೆ. ನನ್ನ ಬದುಕಿನಲ್ಲಿ ನಾನು ಆಡಿದ ಅತ್ಯಂತ ನಾಚಿಕೆಗೆಟ್ಟ ಮಾತು ಅದು. ಆಮೇಲೆ ಎಷ್ಟೋ ದೇಶಗಳಲ್ಲಿ, ಎಷ್ಟೋ ಸಭೆಗಳಲ್ಲಿ ಆ ಪ್ರಮೇಯದ ಬಗ್ಗೆ ಮಾತಾಡಿದ್ದೇನೆ. ಹದಿನೇಳನೇ ಸಮೀಕರಣವನ್ನು ಮಾತ್ರ ಯಾವ ಹಲಗೆಯ ಮೇಲೂ ಬರೆದಿಲ್ಲ. "ಇದು ಸುಲಭ" ಎಂದು ದಾಟಿಬಿಡುತ್ತಿದ್ದೆ.

ಕ್ಷಮಿಸಿ ಎನ್ನಲು ಮುಖವಿಲ್ಲ. ಒಂದೇ ಕೋರಿಕೆ. ಅಕ್ಕನಿಗೆ ಹೇಳಬೇಡಿ. ಅವಳಿಗೆ ಇದು ತಡೆಯುವುದಿಲ್ಲ.

ನಿಮ್ಮ ಭಾವಮೈದುನ


ಮೇ ೧೧

ಸೊನ್ನೆ,

ಡಾಕ್ಟರು ಆಪರೇಷನ್ನನ್ನು ಮುಂದಕ್ಕೆ ಹಾಕದೆ ಹಿಂದಕ್ಕೆ ಎಳೆದರು. ಪರದೆ ಇನ್ನೂ ಹರಿಯುತ್ತಿದೆ ಅಂತ ಏಪ್ರಿಲ್ ನಾಲ್ಕಕ್ಕೇ ಮಾಡಿದರು. ನಿನ್ನ ಕಾಗದ ಬಂದಾಗ ಅವರು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಡಾಕ್ಟರು ಹೇಳಿದ ಹಾಗೆ ತಲೆ ತಗ್ಗಿಸಿ ಮೇಜಿಗೆ ಹಣೆ ಕೊಟ್ಟು ಕೂತಿದ್ದರು. ದಿನವಿಡೀ ಹಾಗೇ ಕೂರಬೇಕಿತ್ತು. "ಸೊನ್ನೆಯದು, ನಿಮ್ಮ ಹೆಸರಿಗೆ ಬಂದಿದೆ" ಅಂದೆ. "ಓದು" ಅಂದರು.

"ಇದು ನಿಮಗೆ ಮಾತ್ರ" ಅನ್ನುವುದನ್ನು ಓದಿ ನಗಾಡಿದೆ. ಗಂಡಸರ ಗುಟ್ಟು ಏನಪ್ಪ ಅಂದೆ. ಎರಡನೇ ಪ್ಯಾರಾದ ಕೊನೆಗೆ ಬಂದು ನಿಂತುಬಿಟ್ಟೆ.

"ಯಾಕೆ ನಿಲ್ಸಿದೆ?"

"ಅಕ್ಷರ ಸರಿಯಾಗಿಲ್ಲ."

"ಅವನ ಅಕ್ಷರ ಚೆನ್ನಾಗೇ ಇರುತ್ತೆ. ಪ್ರತಿಯಲ್ಲಿ ಏನಿದೆಯೋ ಅದನ್ನೇ ಓದು. ಬಿಡಬೇಡ, ಸೇರಿಸಬೇಡ."

ಓದಿದೆ. ಕೊನೆಯ ತನಕ ಓದಿದೆ. ಅಕ್ಕನಿಗೆ ಹೇಳಬೇಡಿ ಅನ್ನುವುದನ್ನೂ ನನ್ನ ಬಾಯಿಂದಲೇ ಓದಿದೆ. ಅವರು ತಲೆ ಎತ್ತುವಂತಿರಲಿಲ್ಲ, ಹಾಗಾಗಿ ಅವರ ಮುಖ ನನಗೆ ಕಾಣಲಿಲ್ಲ, ನನ್ನದು ಅವರಿಗೆ ಕಾಣಲಿಲ್ಲ. ಅಷ್ಟನ್ನಾದರೂ ದೇವರು ನಡೆಸಿಕೊಟ್ಟ. "ಟೀ ಮಾಡ್ಲಾ" ಅಂದೆ. "ಮಾಡು" ಅಂದರು.

ಟೀ ಕುಡಿದ ಮೇಲೆ, ಮೊಳೆಯ ಸ್ಟಿಕ್ ಇಟ್ಟಿರುವ ಡ್ರಾಯರಿನ ತಳಕ್ಕೆ ಹಾಸಿದ ಕಾಗದ ಎತ್ತಿ ನೋಡು ಅಂದರು. ಆ ಹಾಳೆ ಅಲ್ಲಿತ್ತು. ಆ ಡ್ರಾಯರನ್ನು ವರ್ಷಕ್ಕೆ ಎರಡು ಸಲ ಒರೆಸಿದವಳು ನಾನು. ಅಂಚಿನಲ್ಲಿ ಅವರ ಪೆನ್ಸಿಲಿನ ಗುರುತು ಇದೆ, ಇರುವೆಯಷ್ಟು ಸಣ್ಣದು. ಅದರ ಮೇಲೆ ನಿನ್ನ ಕೆಂಪು ಗೀಟು. ಪಕ್ಕದಲ್ಲಿ "ಹಾಗೇ ಇರಲಿ". ನೀನು ಬರೆದದ್ದು ಅಷ್ಟೇ ಅಲ್ಲ ಸೊನ್ನೆ. ಕೆಳಗೆ ಇನ್ನೊಂದು ಸಾಲಿದೆ, ಎರಡು ಅಡಿಗೆರೆ ಎಳೆದು. "ಮೊಳೆ ಜೋಡಿಸುವವರು ಗಣಿತ ಮಾಡಬೇಕಾಗಿಲ್ಲ." ನಿನ್ನ ತಪ್ಪೊಪ್ಪಿಗೆಯಲ್ಲಿ ಆ ಸಾಲು ಎಲ್ಲಿ ಹೋಯಿತು? ಬರೆಯುವಾಗ ನೆನಪಾಗಲಿಲ್ಲವೋ, ಕೈ ಬರಲಿಲ್ಲವೋ?

ಅದು ನಿನ್ನ ಭಾವನ ಪೆನ್ಸಿಲ್ ಎಂದು ಗೊತ್ತಿದ್ದೇ ಬರೆದೆ. ಹತ್ತಿದ ಏಣಿ ಒದೆಯುವವರನ್ನು ಕಂಡಿದ್ದೇನೆ. ನೀನು ಒದ್ದು, ಏಣಿ ಬಿದ್ದದ್ದು ಏಣಿಯ ತಪ್ಪು ಅಂದೆ.

ನಿನ್ನನ್ನು ಬೈದು ಮುಗಿಸಿಬಿಡಬಹುದಿತ್ತು. ಆದರೆ ಮುಗಿಯುವುದಿಲ್ಲ. ನೀನು ಮೋಸ ಮಾಡಿದ್ದು ಒಂದು ಸಲ. ನಾನು ಅದನ್ನು ಮೂವತ್ತೆಂಟು ವರ್ಷ ದಿನಾ ಅವರಿಗೆ ಬಡಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಗಳಿಗೆ ಫೋನ್ ಮಾಡಿ, ಲೆಕ್ಕ ನಿಮ್ಮಪ್ಪನಿಗೇ ಸರಿಯಾಗಿ ಬರುತ್ತಿತ್ತು ಅಂದೆ. "ನಂಗೊತ್ತಮ್ಮ, ನೀನಿಲ್ಲದಾಗ ಅಪ್ಪನೇ ಹೇಳಿಕೊಡ್ತಿದ್ರು" ಅಂದಳು. ನನಗೆ ಗೊತ್ತಿಲ್ಲದೆ ಇವರಿಬ್ಬರೂ ನನ್ನಿಂದ ಬಚ್ಚಿಟ್ಟುಕೊಂಡು ಗುಣಾಕಾರ ಮಾಡುತ್ತಿದ್ದರು ನೋಡು. ನಿನ್ನ ನಾಚಿಕೆ ನಿನ್ನ ಹತ್ತಿರವೇ ಇರಲಿ, ನನ್ನದನ್ನು ಎಲ್ಲಿ ಇಡಲಿ ಎಂದು ನಾನು ಹುಡುಕುತ್ತಿದ್ದೇನೆ.

ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಅವರೂ ಏನೂ ಹೇಳಲಿಲ್ಲ. ಸದ್ಯ ಬರಬೇಡ.

ಅಕ್ಕ


ಜೂನ್ ೧೯

ಅಕ್ಕ, ಭಾವ,

ಇಬ್ಬರಿಗೂ ಸೇರಿ ಬರೆಯುತ್ತಿದ್ದೇನೆ. ಯಾರು ಓದಿದರೂ ಸರಿ.

ಆ ಎರಡನೇ ಸಾಲು ನನಗೆ ನೆನಪಿತ್ತು. ಕೈ ಬರಲಿಲ್ಲ.

ಪುಸ್ತಕದಲ್ಲಿ ಹಳೆಯ ತಿದ್ದುಪಡಿಯೂ ಸೇರಿತ್ತು, ಲೇಖನದ ಬೆನ್ನಿಗೇ. ಅದನ್ನು ಹಿಂತೆಗೆದುಕೊಳ್ಳುವ ಟಿಪ್ಪಣಿ ಹಾಕಬೇಕು ಎಂದು ಸಂಪಾದಕಿಗೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಸರ್, ಪ್ರಮೇಯ ಸರಿಯಾಗೇ ಇದೆಯಲ್ಲ. ಒಂದು ಚಿಹ್ನೆ. ಯಾರೂ ಕೇಳಿಲ್ಲ" ಎಂದಳು. ಒಬ್ಬರು ಕೇಳಿದ್ದರು ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಇಪ್ಪತ್ತು ವರ್ಷದಿಂದ ನನ್ನೆದುರು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದವಳು ಅವತ್ತು ಹಿಂದಕ್ಕೆ ಒರಗಿ ಕೂತಳು. "ನನ್ನ ಪ್ರಬಂಧದಲ್ಲಿ ಚಿಹ್ನೆ ತಪ್ಪಿದಾಗ ನೀವು ಎಲ್ಲರೆದುರು ಓದಿಸಿದ್ರಿ ಸರ್" ಎಂದಳು. ನನಗೆ ಅದು ಮರೆತೇಹೋಗಿತ್ತು.

ಟಿಪ್ಪಣಿಯ ಕರಡಚ್ಚನ್ನು ಇದರ ಜೊತೆ ಇಟ್ಟಿದ್ದೇನೆ. ಹೀಗಿದೆ:

"ಸಮೀಕರಣ ೧೭ರ ಚಿಹ್ನೆ ಹಾಗೂ ಕೊನೆಯ ಅಂಕಿ ತಪ್ಪಾದದ್ದು ಲೇಖಕನಿಂದ. ಮೊಳೆ ಜೋಡಿಸಿದವರು ಚಿಹ್ನೆಯನ್ನು ಕರಡಚ್ಚಿನಲ್ಲೇ ಗುರುತಿಸಿ ಪ್ರಶ್ನಿಸಿದ್ದರು. ಮೊಳೆ ಜೋಡಿಸುವವರು ಗಣಿತ ಮಾಡಬೇಕಾಗಿಲ್ಲ ಎಂದು ಬರೆದು ಲೇಖಕ ಅವರನ್ನು ತಳ್ಳಿಹಾಕಿದ. ನಂತರ ಅವಸರದಲ್ಲಿ ಅದನ್ನು ಅಚ್ಚಿನ ತಪ್ಪೆಂದು ಪ್ರಕಟಿಸಿದ. ಇದರಿಂದ ಅವರು ತಮ್ಮ ಕೆಲಸದ ಸ್ಥಾನ ಕಳೆದುಕೊಂಡರು. ಆ ತಿದ್ದುಪಡಿ ಸುಳ್ಳು, ಅದನ್ನು ಹಿಂತೆಗೆದುಕೊಳ್ಳಲಾಗಿದೆ."

ಭಾವ, ನಿಮ್ಮ ಕಣ್ಣು ಎಷ್ಟು ಕಾಣುತ್ತದೋ ತಿಳಿಯದು. ನೋಡಿಕೊಡುತ್ತೀರಾ?

ಸೊನ್ನೆ


ಜುಲೈ ೨೩

ಪ್ರೊಫೆಸರಿಗೆ,

ಕಣ್ಣು ಪರವಾಗಿಲ್ಲ. ಭೂತಗನ್ನಡಿ ಹಿಡಿದರೆ ಒಂದೊಂದೇ ಅಕ್ಷರ ಕಾಣುತ್ತದೆ. ಮೊಳೆ ನೋಡುತ್ತಿದ್ದದ್ದೂ ಹಾಗೆಯೇ.

ಅಂದು ಹಾಳೆ ತೋರಿಸಿದ್ದರೆ ನಿನಗೆ ಆ ಕೆಲಸ ಕೈತಪ್ಪುತ್ತಿತ್ತು. ನಿಮ್ಮಕ್ಕ ನಿನ್ನನ್ನು ಓದಿಸಿದ್ದು ಅದಕ್ಕಲ್ಲ. ಕೆಲಸ ಗಟ್ಟಿಯಾದ ಮೇಲೆ ನೀನೇ ಹೇಳುತ್ತೀಯ ಅಂದುಕೊಂಡೆ. ಎರಡು ವರ್ಷ ಕಾದೆ, ಹತ್ತು ವರ್ಷ ಕಾದೆ. ಆಮೇಲೆ ಕಾಯುವುದು ಬಿಟ್ಟೆ. ಹಾಳೆ ಎಸೆಯಲು ಮಾತ್ರ ಮನಸ್ಸಾಗಲಿಲ್ಲ. ಚೆನ್ನಾಗಿ ಜೋಡಿಸಿದ ಪುಟ ಅದು.

ಈ ಸಲ ಕರಡಚ್ಚು ಕೇಳಿದ್ದು ಪ್ರಾಯಶ್ಚಿತ್ತಕ್ಕಲ್ಲ. ಆ ತಿದ್ದುಪಡಿಯನ್ನು ಮತ್ತೆ ಹಾಗೇ ಬಿಡುತ್ತೀಯೋ ಏನೋ ನೋಡಬೇಕಿತ್ತು.

ನಿಮ್ಮಕ್ಕ ಈಗೀಗ ನನ್ನೆದುರು ಮಾತು ಅಳೆದು ತೂಗಿ ಆಡುತ್ತಾಳೆ. ಮೊದಲಿನ ಹಾಗೆ ಬೈದರೇ ಚೆನ್ನಾಗಿತ್ತು.

ನಿನ್ನ ಟಿಪ್ಪಣಿಯ ಹಾಳೆಯನ್ನು ಇದರ ಜೊತೆ ವಾಪಸು ಇಟ್ಟಿದ್ದೇನೆ. ಒಂದು ಕಡೆ ಗುರುತು ಹಾಕಿದ್ದೇನೆ. ನೋಡು.

ಮೊಳೆ ಜೋಡಿಸುತ್ತಿದ್ದವನು


ಆಗಸ್ಟ್ ೧

ಭಾವ,

ಹಾಳೆ ನಿನ್ನೆ ಬಂತು. ಆರು ವಾಕ್ಯಗಳಲ್ಲಿ ಒಂದೇ ಒಂದು ಗುರುತು, ಇರುವೆಯಷ್ಟೇ ಸಣ್ಣದು, "ಅವಸರದಲ್ಲಿ" ಎಂಬ ಪದದ ಎದುರು. ಗೆರೆ ಸ್ವಲ್ಪ ನಡುಗಿದೆ, ಮಿಕ್ಕಂತೆ ಅದೇ ಪ್ರಶ್ನೆಯ ಗುರುತು.

ಅದನ್ನು ಕಂಡು ನಾನು ಮೊದಲು ಏನು ಮಾಡಿದೆ ಎಂದು ಹೇಳಿಬಿಡುತ್ತೇನೆ. ಕೆಂಪು ಪೆನ್ನು ಹುಡುಕಿದೆ. ಇಷ್ಟೆಲ್ಲ ಒಪ್ಪಿಕೊಂಡಿದ್ದೇನೆ, ಇದೊಂದು ಪದ ಇದ್ದರೆ ಏನು ಎಂದು ಮನಸ್ಸು ಆಗಲೇ ಸಿದ್ಧವಾಗಿತ್ತು. ಪೆನ್ನು ಕೈಗೆ ಸಿಕ್ಕ ಮೇಲೆ ನನಗೇ ಗೊತ್ತಾಗಿ ಅದನ್ನು ಕೆಳಗಿಟ್ಟೆ. ಅರವತ್ತೇಳು ವರ್ಷಕ್ಕೂ ಬುದ್ಧಿ ಅಲ್ಲೇ ಇದೆ.

ಆಮೇಲೆ ಲೆಕ್ಕ ಮಾಡಿದೆ. ಆ ಹಿರಿಯರ ಕಾಗದ ಬಂದ ದಿನದಿಂದ ನಾನು ತಿದ್ದುಪಡಿ ಅಂಚೆಗೆ ಹಾಕಿದ ದಿನದವರೆಗೆ ಹದಿನಾಲ್ಕು ದಿನ. ಅದರಲ್ಲಿ ನಾಲ್ಕು ದಿನ ಗಣಿತಕ್ಕೆ. ಉಳಿದ ಹತ್ತು ದಿನ ಆ ಮೂರು ಸಾಲನ್ನು ಬರೆದು, ಹರಿದು, ಮತ್ತೆ ಬರೆದೆ. ಐದನೆಯ ಪ್ರತಿಯನ್ನು ಕಳಿಸಿದೆ. ಅವಸರ ಎಲ್ಲಿತ್ತು?

ಆ ಪದ ತೆಗೆದಿದ್ದೇನೆ. ಅದರ ಜಾಗದಲ್ಲಿ "ಗೊತ್ತಿದ್ದೂ" ಎಂದು ಹಾಕಿದ್ದೇನೆ. ತಿದ್ದಿದ ಹಾಳೆ ಇದರ ಜೊತೆಗಿದೆ. ನೀವು ನೋಡಿ ಸರಿ ಎಂದು ಬರೆದು ಕಳಿಸುವ ತನಕ ಪುಸ್ತಕ ಅಚ್ಚಿಗೆ ಹೋಗಕೂಡದು ಎಂದು ಸಂಪಾದಕಿಗೆ ಹೇಳಿದ್ದೇನೆ. ಎಷ್ಟು ದಿನವಾದರೂ ಆಗಲಿ. ಇನ್ನೂ ಎಲ್ಲಾದರೂ ಗುರುತು ಹಾಕಬೇಕೆನಿಸಿದರೆ ಹಾಕಿ.

ನಿಮ್ಮ ಹುಡುಗ,
ಸೊನ್ನೆ